ಆಲ್ಫ್ರೆಡ್ ಡನ್‌ಹಿಲ್

ಆಲ್ಫ್ರೆಡ್ ಡನ್‌ಹಿಲ್ (ಸೆಪ್ಟೆಂಬರ್ 30, 1872 – ಜನವರಿ 2, 1959) ಇಂಗ್ಲೆಂಡಿನ ವರ್ತಕರು, ಉಪಜ್ಞೆಕಾರರು ಹಾಗೂ ಲೇಖಕರು. ಧೂಮಪಾನದ ಪೈಪುಗಳ ತಯಾರಿಕೆಯಲ್ಲಿ ಇವರ ಹೆಸರು ಜಗತ್ಪ್ರಸಿದ್ಧವಾಗಿದೆ. ಇವರ ಸಂಸ್ಥೆ ಗ್ರಾಹಕರಿಗೆ ಖಾತರಿ ನೀಡುವ ಸಲುವಾಗಿ ಪೈಪುಗಳ ಮೇಲೆ ಒತ್ತುತ್ತಿದ್ದ ಗುರುತುಗಳು, ಮುಂದೆ ಆ ಪೈಪುಗಳ ಕಾಲ ಮತ್ತು ಮೌಲ್ಯವನ್ನು ನಿರ್ಣಯಿಸಲು ಸಂಗ್ರಾಹಕರಿಗೆ ಮುಖ್ಯ ಆಧಾರಗಳಾದವು.

ಆರಂಭದ ಜೀವನ

ಡನ್‌ಹಿಲ್ ಅವರು ಲಂಡನ್ನಿನ ಹಾರ್ನ್ಸಿಯಲ್ಲಿ ಜನಿಸಿದರು. ತಂದೆ ಹೆನ್ರಿ ಡನ್‌ಹಿಲ್ ಅವರು ಯೂಸ್ಟನ್ ರಸ್ತೆಯಲ್ಲಿ ಕುದುರೆಯ ಜೀನು ಮತ್ತು ಲಗಾಮುಗಳ ವ್ಯಾಪಾರ ನಡೆಸುತ್ತಿದ್ದರು. 1893ರಲ್ಲಿ ಆ ವ್ಯಾಪಾರ ಮಗನ ಕೈಗೆ ಬಂದಿತು. ಮೋಟಾರು ವಾಹನಗಳು ಬಂದ ಮೇಲೆ ಕುದುರೆಗಾಡಿಯ ಕಾಲ ಮುಗಿಯಲಿದೆ ಎಂಬುದನ್ನು ಅರಿತ ಡನ್‌ಹಿಲ್, ಚರ್ಮದ ಕೋಟು, ಕನ್ನಡಕ, ದೀಪ, ಹಾರನ್ ಮೊದಲಾದ ಸಾಮಗ್ರಿಗಳನ್ನು 'ಮೋಟಾರಿಟೀಸ್' ಎಂಬ ಹೆಸರಿನಲ್ಲಿ ಮಾರತೊಡಗಿದರು. ತೆರೆದ ಕಾರಿನಲ್ಲಿ ಗಾಳಿಯ ಹೊಡೆತಕ್ಕೆ ಪೈಪಿನ ಕೆಂಡ ಕೆಡದಂತೆ, ಬಟ್ಟಲಿನ ಮುಂಭಾಗವನ್ನು ಎತ್ತರಿಸಿದ ಪೈಪೊಂದನ್ನು 1904ರಲ್ಲಿ ರೂಪಿಸಿದರು.

ತಂಬಾಕಿನ ಅಂಗಡಿ ಮತ್ತು ಪೈಪು ತಯಾರಿಕೆ

1907ರಲ್ಲಿ ಲಂಡನ್ನಿನ ಡ್ಯೂಕ್ ಬೀದಿಯಲ್ಲಿ ತಂಬಾಕಿನ ಅಂಗಡಿಯನ್ನು ತೆರೆದರು. ಪ್ರತಿಯೊಬ್ಬ ಗ್ರಾಹಕನ ರುಚಿಗೆ ತಕ್ಕಂತೆ ತಂಬಾಕನ್ನು ಬೆರೆಸಿ, ಆ ಮಿಶ್ರಣದ ವಿವರವನ್ನು ಪುಸ್ತಕದಲ್ಲಿ ಬರೆದಿಡುವುದು ಅಲ್ಲಿನ ವಿಶೇಷ ಪದ್ಧತಿಯಾಗಿತ್ತು. ಹೊರಗಿನಿಂದ ತರಿಸಿದ ಪೈಪುಗಳ ಗುಣಮಟ್ಟ ತೃಪ್ತಿ ನೀಡದ ಕಾರಣ 1910ರಲ್ಲಿ ಸ್ವಂತ ಕಾರ್ಯಾಗಾರವನ್ನು ಆರಂಭಿಸಿದರು. ಮೆಡಿಟರೇನಿಯನ್ ಪ್ರದೇಶದ ಬ್ರಯರ್ ಗಿಡದ ಬೇರುಗಂಟಿನಿಂದ ಇಲ್ಲಿ ಪೈಪುಗಳು ತಯಾರಾಗುತ್ತಿದ್ದವು.

1912ರಲ್ಲಿ ಕಪ್ಪು ಬಾಯಿಕೊಳವೆಯ ಮೇಲ್ಭಾಗದಲ್ಲಿ ಬಿಳಿಯ ಚುಕ್ಕೆಯನ್ನು ಕೂರಿಸುವ ಕ್ರಮ ಬಂದಿತು. ಕೊಳವೆಯ ಯಾವ ಪಕ್ಕ ಮೇಲಿರಬೇಕೆಂದು ತಿಳಿಸುವುದಕ್ಕಾಗಿ ಇದನ್ನು ಅಳವಡಿಸಲಾಯಿತೆಂದು ಹೇಳಲಾಗುತ್ತದೆ. ಮುಂದೆ ಅದೇ ಸಂಸ್ಥೆಯ ಮುದ್ರೆಯಾಯಿತು. ಮರಳನ್ನು ರಭಸದಿಂದ ಊದಿ ಮರದ ಎಳೆಗಳು ಉಬ್ಬಿ ಕಾಣುವಂತೆ ಮಾಡುವ 'ಶೆಲ್' ವಿಧಾನಕ್ಕೆ 1917ರ ಪೇಟೆಂಟ್ ಇದೆ.

ಮೌಲ್ಯನಿರ್ಣಯ

ಬಿಳಿಯ ಚುಕ್ಕೆಯೊಂದರಿಂದಲೇ ಪೈಪು ಅಸಲಿಯೆಂದು ತೀರ್ಮಾನಿಸಲಾಗದು; ಚುಕ್ಕೆ ಇರುವುದು ಬಾಯಿಕೊಳವೆಯ ಮೇಲೆ, ಕೊಳವೆಯನ್ನು ಬದಲಾಯಿಸುವುದು ಸುಲಭ. ಆದುದರಿಂದ ಮರದ ಮೇಲಿನ ಒತ್ತುಗುರುತುಗಳನ್ನು ಮೊದಲು ಪರೀಕ್ಷಿಸಲಾಗುತ್ತದೆ. 'ಇಂಗ್ಲೆಂಡ್' ಎಂಬ ಪದದ ನಂತರ ಬರುವ ಸಣ್ಣ ಅಂಕಿ ತಯಾರಿಕೆಯ ವರ್ಷವನ್ನು ಸೂಚಿಸುತ್ತದೆ. ಆದರೆ ಒಂದೇ ಅಂಕಿ ಬೇರೆ ಬೇರೆ ದಶಕಗಳಲ್ಲಿ ಬಳಕೆಯಾಗಿರುವುದರಿಂದ ಅದನ್ನು ಪೇಟೆಂಟ್ ಸಂಖ್ಯೆಯೊಡನೆ ಹೊಂದಿಸಿ ಓದಬೇಕು. ವೃತ್ತದೊಳಗಿನ ಅಂಕಿ ಗಾತ್ರವನ್ನು ತಿಳಿಸುತ್ತದೆ.

ಅತಿಯಾಗಿ ಉಜ್ಜಿ ಹೊಳಪು ನೀಡಿದಾಗ ಗುರುತುಗಳು ಸವೆದು ಪೈಪಿನ ಬೆಲೆ ಕುಸಿಯುತ್ತದೆ. ಬಟ್ಟಲಿನ ಬಿರುಕು, ಒಳಗೋಡೆಯ ಸುಟ್ಟ ಕಲೆ, ಬದಲಾಯಿಸಿದ ಬಾಯಿಕೊಳವೆ ಇವೂ ಬೆಲೆಯನ್ನು ತಗ್ಗಿಸುತ್ತವೆ. ಅಪರೂಪದ ಆಕಾರ, ದೊಡ್ಡ ಗಾತ್ರ, ಮೂಲ ಪೆಟ್ಟಿಗೆ ಇವು ಹೆಚ್ಚಿಸುತ್ತವೆ. ಹೀಗಾಗಿ ಹಳೆಯ ಪೈಪನ್ನು ಹೊಸದರಂತೆ ಮಾಡಲು ಹೊರಟವನು ಅದರ ಮೌಲ್ಯವನ್ನೇ ಅಳಿಸಿಬಿಡುವ ಸಂಭವವಿದೆ.

ಕೃತಿ ಮತ್ತು ಕೊನೆಯ ವರ್ಷಗಳು

ಡನ್‌ಹಿಲ್ ಸ್ವತಃ ಪೈಪುಗಳ ಸಂಗ್ರಾಹಕರಾಗಿದ್ದರು. ಹಲವು ದೇಶಗಳ ಪೈಪುಗಳ ಇತಿಹಾಸವನ್ನು ತಿಳಿಸುವ ಇವರ 'ದಿ ಪೈಪ್ ಬುಕ್' 1924ರಲ್ಲಿ ಪ್ರಕಟವಾಯಿತು. 1928ರಲ್ಲಿ ಅವರು ವ್ಯಾಪಾರದಿಂದ ನಿವೃತ್ತರಾದರು. ಎರಡನೆಯ ಮಹಾಯುದ್ಧದ ಬಾಂಬ್ ದಾಳಿಯಲ್ಲಿ 1941ರಲ್ಲಿ ಲಂಡನ್ನಿನ ಅಂಗಡಿ ನಾಶವಾಯಿತಾದರೂ ಸಂಸ್ಥೆ ಉಳಿದು ಬೆಳೆಯಿತು. ಡನ್‌ಹಿಲ್ ಅವರು ಸಸೆಕ್ಸಿನ ವರ್ದಿಂಗ್‌ನಲ್ಲಿ ನಿಧನರಾದರು. ಮಗಳು ಮೇರಿ ಡನ್‌ಹಿಲ್ 1961ರಲ್ಲಿ ಸಂಸ್ಥೆಯ ಅಧ್ಯಕ್ಷೆಯಾದರು.