ನಟ, ಸಂಘಟಕ, ದೇಶಭಕ್ತ: ಮುದವೀಡು ಕೃಷ್ಣರಾಯರು

ನಮ್ಮ ಭಾಗದಲ್ಲಿ ಜಾತ್ರೆ ಎಂದರೆ ನಾಟಕ ಇರಲೇಬೇಕು. ಊರ ಹುಡುಗರು ತಿಂಗಳುಗಟ್ಟಲೆ ತಾಲೀಮು ಮಾಡಿ, ಪಟ್ಟಿ ಎತ್ತಿ, ಕೊನೆಗೆ ಸೀನಿನ ಬಾಡಿಗೆಗೆ ಕಡಿಮೆ ಬಿದ್ದು ಓಡಾಡುವುದು ಎಲ್ಲರಿಗೂ ಗೊತ್ತಿದ್ದದ್ದೇ. ಆದ್ದರಿಂದ ಬೆಳ್ಳಿ ಹಬ್ಬದ ಈ ಸಂಚಿಕೆಯಲ್ಲಿ ನಾಟಕದವರೊಬ್ಬರ ಜೀವನ ಬರೆದರೆ ತಪ್ಪಾಗಲಾರದು ಎಂದುಕೊಂಡಿದ್ದೇನೆ.

ಕೃಷ್ಣರಾಯರು ಹುಟ್ಟಿದ್ದು 24-7-1874ರಂದು ಬಾಗಲಕೋಟೆಯಲ್ಲಿ. ಆ ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳು ಮುಂದೆ ಆಲಮಟ್ಟಿ ಹಿನ್ನೀರಿನೊಳಗೆ ಹೋದವು. ರಾಯರ ಕಾರ್ಯಕ್ಷೇತ್ರವಾದದ್ದು ಮಾತ್ರ ಧಾರವಾಡ.

ಆಗಿನ ಧಾರವಾಡ ಮುಂಬಯಿ ಇಲಾಖೆಗೆ ಸೇರಿತ್ತು. ಮನೆಯ ಮಾತು ಕನ್ನಡ, ಕಚೇರಿ-ಶಾಲೆಗಳಲ್ಲಿ ಮರಾಠಿಯದೇ ಜೋರು. ನಾಟಕ ಎಂದರಂತೂ ಮರಾಠಿ ಕಂಪನಿಯದೇ ನಾಟಕ. ತಮಾಷೆ ನೋಡ್ರಿ, ಮರಾಠಿ ಸಂಗೀತ ನಾಟಕಕ್ಕೆ ದೊಡ್ಡ ಹೆಸರು ತಂದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಸೀಮೆಯ ಗುರ್ಲಹೊಸೂರಿನವರು! ಗದುಗಿನಲ್ಲಿ ಶಾಂತಕವಿಗಳು ಕನ್ನಡ ನಾಟಕಕ್ಕೆ ಮೊದಲೇ ದಾರಿ ಹಾಕಿದ್ದರು. ಆದರೂ ಕಲಿತವರು ಕನ್ನಡ ನಾಟಕ ಎಂದರೆ ಮೂಗು ಮುರಿಯುತ್ತಿದ್ದರು. ಬಣ್ಣ ಹಚ್ಚುವವನಿಗೆ ಮಾನ ಎಲ್ಲಿಯದು?

ಮೂವತ್ತರ ಹರೆಯದ ರಾಯರು 1904ರಲ್ಲಿ ಭಾರತ ಕಲೋತ್ತೇಜಕ ಸಂಗೀತ ಸಮಾಜ ಕಟ್ಟಿದ್ದು ಇಂಥ ಹೊತ್ತಿನಲ್ಲಿ. ತಾವೇ ನಟ, ತಾವೇ ವ್ಯವಸ್ಥಾಪಕ. ಓದು-ಬರಹ ಬಲ್ಲವರನ್ನು ಕೂಡಿಸಿ ಕನ್ನಡದ ರಂಗಕ್ಕೆ ಹತ್ತಿಸಿದರು. ನಮ್ಮಂಥ ಸಂಘದವರು ಇದನ್ನು ಗಮನಿಸಬೇಕು. ಮರುವರ್ಷವೇ, 1905ರಲ್ಲಿ, ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಒಂದು ಕಡೆ ಸಾಲದ ಕಾಟಕ್ಕೆ, ಇನ್ನೊಂದು ಕಡೆ ಭಾಷೆಯ ಬಡತನಕ್ಕೆ, ಜನ ತಾವೇ ಕೂಡಿ ಉಪಾಯ ಹುಡುಕುತ್ತಿದ್ದ ಕಾಲವದು.

ಆ ಕಾಲದ ನಟನಿಗೆ ಮೈಕು ಇಲ್ಲ, ಕರೆಂಟು ಇಲ್ಲ. ಕಟ್ಟಕಡೆಗೆ ಕೂತವನ ಕಿವಿಗೂ ಮಾತು ಮುಟ್ಟಬೇಕು, ಇಲ್ಲದಿದ್ದರೆ ಜನ ಎದ್ದು ಹೋಗುತ್ತಾರೆ. ಸರಕಾರದ ಕಣ್ಣು ಬೇರೆ. 1876ರ ನಾಟಕ ಕಾಯ್ದೆಯಂತೆ ಬೇಡವಾದ ಆಟವನ್ನು ನಿಲ್ಲಿಸುವ ಅಧಿಕಾರ ಬ್ರಿಟಿಷರಿಗಿತ್ತು. ಕೀಚಕನಲ್ಲಿ ಲಾರ್ಡ್ ಕರ್ಜನ್‌ನನ್ನು ಕಾಣಿಸಿದ ಖಾಡಿಲ್ಕರರ ಮರಾಠಿ 'ಕೀಚಕವಧ'ಕ್ಕೆ ಹಾಗೇ ನಿಷೇಧ ಬಿತ್ತು. ಪುರಾಣದ ಕಥೆ ಹೇಳಿದರೂ ಜನಕ್ಕೆ ಒಳಗಿನ ಮಾತು ತಿಳಿಯುತ್ತಿತ್ತು, ಸರಕಾರಕ್ಕೂ ತಿಳಿಯುತ್ತಿತ್ತು ಅನ್ನಿ.

ರಾಯರು ರಂಗದಿಂದ ಸಭೆಗೆ ಬಂದದ್ದು ದೊಡ್ಡ ಜಿಗಿತವೇನಲ್ಲ. ಸಾವಿರಾರು ಜನರ ಮುಂದೆ ಧ್ವನಿವರ್ಧಕವಿಲ್ಲದೆ ಭಾಷಣ ಮಾಡಬೇಕಾದ ಚಳವಳಿಗೆ ಅಂಥ ಕಂಠವೇ ಬೇಕಿತ್ತು. ಲೋಕಮಾನ್ಯ ಟಿಳಕರ ಕಡೆಯ ರಾಜಕೀಯಕ್ಕೆ ಒಲಿದು, ಹೋಂ ರೂಲ್ ಚಳವಳಿ ಸೇರಿ, ಆಮೇಲೆ ಗಾಂಧೀಜಿಯವರ ಅಸಹಕಾರದಲ್ಲಿ ಧುಮುಕಿದರು. ಧಾರವಾಡ ಸೀಮೆಯಲ್ಲಿ ಅವರ ಭಾಷಣ ಎಂದರೆ ಜನ ನೆರೆಯುತ್ತಿತ್ತು. 'ಕರ್ನಾಟಕ ವೃತ್ತ'ದ ಸಂಪಾದಕರಾಗಿ ಲೇಖಣಿಯನ್ನೂ ಹಿಡಿದರು.

ಇದು ಮೆರವಣಿಗೆ, ಹಾರ-ತುರಾಯಿಯ ರಾಜಕಾರಣವಾಗಿರಲಿಲ್ಲ. 1-7-1921ರಂದು ಧಾರವಾಡದಲ್ಲಿ ಸೆರೆ ಅಂಗಡಿಯ ಮುಂದಿನ ಪಿಕೆಟಿಂಗ್ ಕಾಲಕ್ಕೆ ಪೊಲೀಸರು ಗುಂಡು ಹಾರಿಸಿ ಮೂವರು ಸತ್ತರು. ಮೂವರೂ ಖಿಲಾಫತ್ ಚಳವಳಿಯ ಮುಸಲ್ಮಾನ ಹುಡುಗರು. ಇಂಥ ದಿನಗಳಲ್ಲಿ ಪತ್ರಿಕೆ ನಡೆಸುವುದು, ಕಟ್ಟೆಯ ಮೇಲೆ ನಿಂತು ಸರಕಾರದ ವಿರುದ್ಧ ಮಾತಾಡುವುದು ಎಂದರೆ ಮನೆಯವರು ಪ್ರತಿ ಸಂಜೆ ಬಾಗಿಲ ಕಡೆ ನೋಡುತ್ತ ಕೂಡುವುದು ಎಂದೇ ಅರ್ಥ. ರಾಯರು ಜೈಲನ್ನೂ ಕಂಡುಬಂದರು.

ರಾಜಕೀಯಕ್ಕೆ ಬಂದ ಮೇಲೆಯೂ ಅವರು ಕನ್ನಡ ಬಿಡಲಿಲ್ಲ. ನನಗೆ ಅವರಲ್ಲಿ ಹೆಚ್ಚು ಸೇರುವ ಗುಣ ಅದೇ. ಹರಿದು ಹಂಚಿಹೋದ ಕನ್ನಡ ಸೀಮೆಗಳು ಒಂದಾಗಬೇಕೆಂಬ ಏಕೀಕರಣದ ಕೆಲಸದಲ್ಲಿ ಆಲೂರ ವೆಂಕಟರಾಯರ ಕಾಲದ ಪ್ರಮುಖರಲ್ಲಿ ಅವರೂ ಒಬ್ಬರು. 1939ರಲ್ಲಿ ಬೆಳಗಾವಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ನಾಟಕದವರೆಂದು ಒಂದು ಕಾಲಕ್ಕೆ ಮೂಗು ಮುರಿದ ಸಮಾಜ ಈಗ ಅವರನ್ನು ಎತ್ತರದ ಪೀಠದಲ್ಲಿ ಕೂಡಿಸಿತು. ಅದೂ ಬೆಳಗಾವಿಯಲ್ಲಿ!

ರಾಯರು ತೀರಿಕೊಂಡದ್ದು 7-9-1947ರಂದು, ದೇಶ ಸ್ವತಂತ್ರವಾಗಿ ಇಪ್ಪತ್ಮೂರು ದಿನಕ್ಕೆ. ಧಾರವಾಡದವರು ಧ್ವಜ ಹಾರಿಸಿಯಾಗಿತ್ತು. ನಮ್ಮ ಭೀಮಾ ದಂಡೆಯ ಊರುಗಳು ಮಾತ್ರ ಇನ್ನೂ ನಿಜಾಮನ ಕೈಯಲ್ಲಿದ್ದವು, ಕಚೇರಿಯಲ್ಲಿ ಉರ್ದು ನಡೆದಿತ್ತು. ನಮಗೆ ಬಿಡುಗಡೆ ಸಿಕ್ಕಿದ್ದು 17-9-1948ಕ್ಕೆ. ಧಾರವಾಡವೂ ಕಲಬುರ್ಗಿಯೂ ಒಂದೇ ರಾಜ್ಯಕ್ಕೆ ಸೇರಿದ್ದು 1-11-1956ಕ್ಕೆ. ಅಷ್ಟೊತ್ತಿಗೆ ರಾಯರು ಹೋಗಿ ಒಂಬತ್ತು ವರ್ಷ ಆಗಿತ್ತು.