ಗಾಳಿಯ ಎಳೆತ ಅಳೆದ ಇಂಜಿನಿಯರ್: ಪ್ರೊ. ಸತೀಶ್ ಧವನ್

ಶ್ರೀಹರಿಕೋಟಾದಿಂದ ರಾಕೆಟ್ ಮೇಲೇರುವುದನ್ನು ನಮ್ಮ ಶಾಲೆಯ ಮಕ್ಕಳೆಲ್ಲರೂ ಟಿವಿಯಲ್ಲೋ ಮೊಬೈಲಿನಲ್ಲೋ ನೋಡಿಯೇ ಇರುತ್ತಾರೆ. ಆ ಉಡಾವಣಾ ಕೇಂದ್ರದ ಹೆಸರು ಸತೀಶ್ ಧವನ್ ಬಾಹ್ಯಾಕಾಶ ಕೇಂದ್ರ. ಧವನ್ ಅವರು 2002ರ ಜನವರಿ 3ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ ಈಗ ಹೈಸ್ಕೂಲಿನಲ್ಲಿರುವ ಯಾವ ವಿದ್ಯಾರ್ಥಿಯೂ ಹುಟ್ಟಿರಲಿಲ್ಲ. ಇಸ್ರೋ ಅಧ್ಯಕ್ಷರಾಗಿದ್ದರೆಂದು ಅವರನ್ನು ನೆನೆಯುವವರು ಬಹಳ. ಅವರು ಏನು ಓದಿದರು, ಹೇಗೆ ಓದಿದರು ಎಂದು ತಿಳಿದವರು ಕಡಿಮೆ. ಮೆಕ್ಯಾನಿಕಲ್ ಬಿ.ಇ. ಮುಗಿಸಿ ಮುಂದಿನ ಓದಿಗೆ ಹೊರಟ ಆ ಯುವಕನ ಕಥೆ ನಮ್ಮ ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಯರಿಗೂ ಉಪಯೋಗವಾದೀತೆಂದು ಈ ಲೇಖನ.

ಸತೀಶ್ ಧವನ್ ಹುಟ್ಟಿದ್ದು 1920ರ ಸೆಪ್ಟೆಂಬರ್ 25ರಂದು, ಶ್ರೀನಗರದಲ್ಲಿ. ಕಾಲೇಜು ಓದಿದ್ದು ಲಾಹೋರಿನಲ್ಲಿ. ಪಂಜಾಬ್ ವಿಶ್ವವಿದ್ಯಾಲಯದಿಂದ ಅವರು ಪಡೆದ ಪದವಿಗಳ ಪಟ್ಟಿಯನ್ನು ನೋಡಿದರೆ ಯಾರಿಗಾದರೂ ಸ್ವಲ್ಪ ಗೊಂದಲವಾಗುತ್ತದೆ. ಗಣಿತ ಮತ್ತು ಭೌತಶಾಸ್ತ್ರದಲ್ಲಿ ಬಿ.ಎ., ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ., ಅದಾದ ಮೇಲೆ 1945ರಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್‌ನಲ್ಲಿ ಬಿ.ಇ. ಇವತ್ತಾದರೆ ಮನೆಯವರೂ ಊರಿನವರೂ, ಈ ಹುಡುಗನಿಗೆ ಒಂದು ಗುರಿಯೇ ಇಲ್ಲ ಎಂದು ಮಾತಾಡಿಕೊಳ್ಳುತ್ತಿದ್ದರೇನೋ. ಆದರೆ ಮೂರೂ ಓದು ಮುಂದೆ ಕೆಲಸಕ್ಕೆ ಬಂದವು. ಲೆಕ್ಕ ಬರೆಯಲು ಗಣಿತ ಬೇಕಾಯಿತು, ಯಂತ್ರ ಕಟ್ಟಲು ಇಂಜಿನಿಯರಿಂಗ್ ಬೇಕಾಯಿತು, ಕಂಡದ್ದನ್ನು ತಿಳಿಯಾಗಿ ಹೇಳಲು ಭಾಷೆ ಬೇಕಾಯಿತು.

ಬಿ.ಇ. ನಂತರ ಅವರು ಅಮೆರಿಕಕ್ಕೆ ಹೋದರು. ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಏರೋನಾಟಿಕಲ್ ಇಂಜಿನಿಯರಿಂಗ್ ಓದಿ 1947ರಲ್ಲಿ ಎಂ.ಎಸ್. ಪದವಿ ಪಡೆದರು. ಅದೇ ವರ್ಷ ದೇಶ ಸ್ವತಂತ್ರವಾಯಿತು, ಇಬ್ಭಾಗವೂ ಆಯಿತು. ಅವರು ಓದಿದ ಲಾಹೋರ್ ಪಾಕಿಸ್ತಾನಕ್ಕೆ ಸೇರಿತು. ಓದಲು ಹೋದವರು ಮರಳಿ ಬರುವಷ್ಟರಲ್ಲಿ ಅವರ ಕಾಲೇಜಿನ ಊರು ಬೇರೆ ದೇಶವಾಗಿತ್ತು. ಇಂಥ ಹೊತ್ತಿನಲ್ಲೂ ಓದು ನಿಲ್ಲಲಿಲ್ಲ. ಮಿನ್ನೆಸೋಟದಿಂದ ಅವರು ಕ್ಯಾಲಿಫೋರ್ನಿಯದ ಪ್ಯಾಸಡೀನಾದಲ್ಲಿರುವ ಕ್ಯಾಲ್‌ಟೆಕ್ ಸಂಸ್ಥೆಗೆ ಸೇರಿದರು. 1949ರಲ್ಲಿ ಏರೋನಾಟಿಕಲ್ ಇಂಜಿನಿಯರ್ ಪದವಿ, 1951ರಲ್ಲಿ ಪಿಎಚ್.ಡಿ. ಬಂತು. ಮಾರ್ಗದರ್ಶಕರು ಹಾನ್ಸ್ ಲೀಪ್‌ಮನ್ ಎಂಬ ಹೆಸರಾಂತ ವಿಜ್ಞಾನಿ.

ಬಿ.ಇ. ತನಕದ ಓದಿನಲ್ಲಿ ಪ್ರಶ್ನೆ ಪತ್ರಿಕೆ ಮೇಷ್ಟ್ರು ಕೊಡುತ್ತಾರೆ, ಉತ್ತರ ಅವರಿಗೆ ಮೊದಲೇ ಗೊತ್ತಿರುತ್ತದೆ. ಎಂ.ಎಸ್. ಅಥವಾ ಎಂ.ಟೆಕ್‌ನಲ್ಲಿ ಅದೇ ವಿಷಯವನ್ನು ಇನ್ನಷ್ಟು ಆಳವಾಗಿ ಓದುತ್ತೇವೆ. ಪಿಎಚ್.ಡಿ.ಯಲ್ಲಿ ಮಾತ್ರ ಉತ್ತರ ಮಾರ್ಗದರ್ಶಕರಿಗೂ ಗೊತ್ತಿರುವುದಿಲ್ಲ. ಧವನ್ ಹಿಡಿದ ಪ್ರಶ್ನೆ ಕೇಳಲು ಬಹಳ ಸರಳ: ಹರಿಯುವ ಗಾಳಿ ತಾನು ತಾಗಿದ ಗೋಡೆಯನ್ನು ಎಷ್ಟು ಬಲದಿಂದ ಎಳೆಯುತ್ತದೆ?

ಹೊಳೆಯ ನೀರು ನಡುವೆ ರಭಸವಾಗಿ ಹರಿದರೂ ದಡದ ಹತ್ತಿರ ನಿಧಾನವಾಗುವುದನ್ನು ನಾವೆಲ್ಲ ಕಂಡಿದ್ದೇವೆ. ವಿಮಾನದ ರೆಕ್ಕೆಯ ಮೇಲೆ ಹರಿಯುವ ಗಾಳಿಯೂ ಹಾಗೆಯೇ. ಮೇಲ್ಮೈಗೆ ತಾಗಿದ ಗಾಳಿ ಅಂಟಿಕೊಂಡಂತೆ ನಿಲ್ಲುತ್ತದೆ, ಅದರ ಮೇಲಿನ ತೆಳು ಪದರಗಳು ಒಂದನ್ನೊಂದು ಉಜ್ಜುತ್ತ ಸಾಗುತ್ತವೆ. ಈ ಉಜ್ಜಾಟ ವಿಮಾನವನ್ನು ಹಿಂದಕ್ಕೆ ಎಳೆಯುತ್ತದೆ. ಅದನ್ನು ಮೀರಿ ಮುಂದೆ ಹೋಗಲು ಇಂಜಿನ್ ಇಂಧನ ಸುಡಬೇಕು. ಈ ಬಲ ತೀರ ಚಿಕ್ಕದು. ಆದ್ದರಿಂದ ಗಾಳಿಯ ವೇಗವನ್ನು ಅಳೆದು ಅದರಿಂದ ಲೆಕ್ಕ ಹಾಕಿ ಬಲವನ್ನು ಅಂದಾಜು ಮಾಡುವುದು ವಾಡಿಕೆಯಾಗಿತ್ತು. ಧವನ್ ಅದನ್ನು ನೇರವಾಗಿಯೇ ಅಳೆಯಲು ಹೊರಟರು.

ವಿಧಾನ ಹೀಗಿತ್ತು. ವಾಯು ಸುರಂಗದೊಳಗಿನ ಸಪಾಟು ಮೇಲ್ಮೈಯಲ್ಲಿ ಒಂದು ಸಣ್ಣ ತುಂಡನ್ನು ಸುತ್ತಲೂ ಕೂದಲೆಳೆಯಂಥ ಸಂದು ಬಿಟ್ಟು ಬೇರ್ಪಡಿಸಬೇಕು. ಆ ತುಂಡನ್ನು ಬಾಗುವ ತೆಳು ಪಟ್ಟಿಗಳ ಆಧಾರದಲ್ಲಿ ನಿಲ್ಲಿಸಬೇಕು. ಗಾಳಿ ಹರಿದಾಗ ತುಂಡು ಕಣ್ಣಿಗೆ ಕಾಣದಷ್ಟು ಸರಿಯುತ್ತದೆ. ಆ ಸರಿತವನ್ನು ವಿದ್ಯುತ್ ಉಪಕರಣದಿಂದ ಓದಿದರೆ ಬಲ ಎಷ್ಟೆಂದು ತಿಳಿಯುತ್ತದೆ. ಹೇಳುವುದು ಸುಲಭ, ಮಾಡುವುದು ಕಷ್ಟ. ತುಂಡು ಕೂದಲಷ್ಟು ಮೇಲೆದ್ದರೂ ಕೆಳಗಿಳಿದರೂ ಅಳತೆ ಕೆಡುತ್ತದೆ. ಸಂದಿನಲ್ಲಿ ಗಾಳಿ ನುಗ್ಗಿದರೆ ಕೆಡುತ್ತದೆ. ಸುರಂಗ ನಡುಗಿದರೆ ಕೆಡುತ್ತದೆ. ಈ ತೊಂದರೆಗಳನ್ನು ವರ್ಕ್‌ಶಾಪಿನಲ್ಲಿ, ಲೇತ್ ಮತ್ತು ಮೈಕ್ರೋಮೀಟರ್ ಬಳಸಿ ನಿವಾರಿಸಬೇಕೇ ಹೊರತು ಪುಸ್ತಕ ನೋಡಿ ಅಲ್ಲ. ಮೆಕ್ಯಾನಿಕಲ್ ಓದಿದವನ ಕೈಗೆ ಬೆಲೆ ಬರುವುದು ಇಲ್ಲೇ. ಶಬ್ದಕ್ಕಿಂತ ಕಡಿಮೆ ವೇಗದಲ್ಲೂ ಶಬ್ದವನ್ನು ಮೀರಿದ ವೇಗದಲ್ಲೂ ಧವನ್ ಈ ಅಳತೆ ಮಾಡಿ ತೋರಿಸಿದರು. ಆ ಕೆಲಸವನ್ನು ಅಮೆರಿಕದ ನಾಕಾ ಸಂಸ್ಥೆ 1953ರಲ್ಲಿ ತನ್ನ 1121ನೇ ವರದಿಯಾಗಿ ಪ್ರಕಟಿಸಿತು. ಮುಂದೆ ನಾಸಾ ಆದದ್ದು ಇದೇ ಸಂಸ್ಥೆ.

ನಾಲ್ಕು ವರ್ಷದ ಓದಿನ ಫಲ ಒಂದು ಸಣ್ಣ ಬಲದ ಅಳತೆಯೇ ಎಂದು ಕೆಲವರಿಗೆ ಅನಿಸಬಹುದು. ಅಳತೆಯ ಜೊತೆಗೆ ಅವರು ಇನ್ನೊಂದನ್ನು ಸಂಪಾದಿಸಿದ್ದರು. ಗೊತ್ತಿಲ್ಲದ ಸಮಸ್ಯೆಯ ಮುಂದೆ ಹೆದರದೆ ಕೂತು, ಉಪಕರಣವನ್ನು ತಾನೇ ಕಟ್ಟಿ, ತಪ್ಪು ಎಲ್ಲಿದೆಯೆಂದು ಹುಡುಕುವ ಅಭ್ಯಾಸ ಅದು. 1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ನಮ್ಮ ಜನ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಸಂಸ್ಥೆಗೆ, ಸೇರಿದಾಗ ಅವರು ಆ ಅಭ್ಯಾಸವನ್ನೂ ಜೊತೆಗೆ ತಂದರು. ಅಲ್ಲಿ ಒಂದು ಇಂಚು, ಮೂರು ಇಂಚು ಅಳತೆಯ ಪುಟ್ಟ ಶಬ್ದಾತೀತ ವಾಯು ಸುರಂಗ ಕಟ್ಟಿದರು. ಸುರಂಗ ದೊಡ್ಡದಾದಷ್ಟೂ ಅದನ್ನು ನಡೆಸಲು ಬೇಕಾಗುವ ಶಕ್ತಿಯೂ ಖರ್ಚೂ ಏರುತ್ತವೆ. ಅಂಗೈಯಗಲದ ಸುರಂಗದಲ್ಲೂ ಒಳ್ಳೆಯ ಪ್ರಯೋಗ ಮಾಡಬಹುದೆಂದು ಅವರಿಗೆ ಗೊತ್ತಿತ್ತು.

ಅವರ ಹತ್ತಿರ ಕಲಿಯಲು ಬಂದವರಲ್ಲಿ ಬೆಂಗಳೂರಿನವರೇ ಆದ ರೊದ್ದಂ ನರಸಿಂಹ ಒಬ್ಬರು. ಈಗ ಯುವಿಸಿಇ ಎನ್ನುವ ಕಾಲೇಜಿನಲ್ಲಿ ಮೆಕ್ಯಾನಿಕಲ್ ಬಿ.ಇ. ಮುಗಿಸಿದ್ದ ಹುಡುಗ. ಗಾಳಿಯ ಹರಿವು ನಯವಾಗಿದ್ದುದು ಹೇಗೆ ಕದಡುತ್ತದೆ ಎಂಬ ಬಗ್ಗೆ ಗುರುಶಿಷ್ಯರು ಸೇರಿ ಬರೆದ ಪ್ರಬಂಧ 1958ರಲ್ಲಿ ಪ್ರಕಟವಾಯಿತು. ನರಸಿಂಹ ಅವರು ಮುಂದೆ ಕ್ಯಾಲ್‌ಟೆಕ್‌ಗೆ ಹೋಗಿ, ತಮ್ಮ ಗುರುವಿನ ಗುರು ಲೀಪ್‌ಮನ್ ಅವರ ಕೈಕೆಳಗೇ 1961ರಲ್ಲಿ ಪಿಎಚ್.ಡಿ. ಮುಗಿಸಿ ಬೆಂಗಳೂರಿಗೆ ಮರಳಿದರು.

1962ರಿಂದ 1981ರವರೆಗೆ ಧವನ್ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದರು. ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ ಅಸ್ತ್ರ ಎಂಬ ಕೇಂದ್ರ ಅಲ್ಲಿ ಶುರುವಾದದ್ದು ಅವರ ಕಾಲದಲ್ಲಿ, 1974ರಲ್ಲಿ. ಸೌದೆ ಉಳಿಸಿ ಹೊಗೆ ಕಡಿಮೆ ಮಾಡುವ ಅಸ್ತ್ರ ಒಲೆ ನಮ್ಮ ಎಷ್ಟೋ ಮನೆಗಳ ಅಡುಗೆಮನೆಗೆ ಬಂದದ್ದು ಅಲ್ಲಿಂದಲೇ.

1971ರ ಡಿಸೆಂಬರ್‌ನಲ್ಲಿ ವಿಕ್ರಂ ಸಾರಾಭಾಯಿ ತೀರಿಕೊಂಡಾಗ ಧವನ್ ಕ್ಯಾಲ್‌ಟೆಕ್‌ನಲ್ಲಿದ್ದರು. ಬಾಹ್ಯಾಕಾಶ ಕಾರ್ಯಕ್ರಮದ ಹೊಣೆ ಹೊರಬೇಕೆಂದು ಪ್ರಧಾನಿ ಇಂದಿರಾ ಗಾಂಧಿ ಕೇಳಿಕೊಂಡರು. ನಿರ್ದೇಶಕ ಸ್ಥಾನ ಬಿಡುವುದಿಲ್ಲ, ಮುಖ್ಯ ಕಚೇರಿ ಬೆಂಗಳೂರಿನಲ್ಲಿರಬೇಕು ಎಂಬ ಷರತ್ತಿನ ಮೇಲೆ ಅವರು ಒಪ್ಪಿದರು. ಇಸ್ರೋ ಬೆಂಗಳೂರಿನಲ್ಲಿ ನೆಲೆಯೂರಿದ್ದು ಹೀಗೆ. 1975ರಲ್ಲಿ ಹಾರಿದ ಆರ್ಯಭಟ ಉಪಗ್ರಹ ನಮ್ಮ ಪೀಣ್ಯದ ಶೆಡ್ಡುಗಳಲ್ಲಿ, ಉಡುಪಿ ಸೀಮೆಯ ಯು.ಆರ್. ರಾವ್ ಅವರ ನೇತೃತ್ವದಲ್ಲಿ ತಯಾರಾಯಿತು.

1979ರ ಆಗಸ್ಟ್ 10ರಂದು ಎಸ್‌ಎಲ್‌ವಿ-3 ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು. ಯೋಜನೆಯ ನಿರ್ದೇಶಕರು ಎ.ಪಿ.ಜೆ. ಅಬ್ದುಲ್ ಕಲಾಂ. ಪತ್ರಕರ್ತರ ಮುಂದೆ ಕೂತು ಸೋಲಿನ ಹೊಣೆ ಹೊತ್ತವರು ಧವನ್. ದೋಷ ಹುಡುಕಿ ಸರಿಪಡಿಸಿ 1980ರ ಜುಲೈ 18ರಂದು ಅದೇ ಬಗೆಯ ರಾಕೆಟ್ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದಾಗ ಮಾತಾಡಲು ಕಲಾಂ ಅವರನ್ನೇ ಮುಂದೆ ಕಳಿಸಿದರು. ಇದನ್ನು ಕಲಾಂ ಕೊನೆಯವರೆಗೂ ಸಭೆ ಸಭೆಗಳಲ್ಲಿ ನೆನೆಯುತ್ತಿದ್ದರು.

ನಾನು ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದವನು. ನಮ್ಮ ಶಾಲೆಯಿಂದ ಬಂದ ತಮ್ಮಂದಿರು ತಂಗಿಯರು ಮುಂದಿನ ಓದಿನ ಬಗ್ಗೆ ಫೋನ್ ಮಾಡಿ ಕೇಳುವುದುಂಟು. ಅವರಿಗೆ ಹೇಳುವುದನ್ನೇ ಇಲ್ಲೂ ಹೇಳುತ್ತೇನೆ. ದೇಶದಲ್ಲೇ ಎಂ.ಟೆಕ್ ಮಾಡುವುದಾದರೆ ಗೇಟ್ ಪರೀಕ್ಷೆ ಬರೆಯಿರಿ. ಒಳ್ಳೆಯ ಅಂಕ ಪಡೆದು ಐಐಟಿ, ವಿಜ್ಞಾನ ಸಂಸ್ಥೆಯಂಥ ಕಡೆ ಸೇರಿದವರಿಗೆ ತಿಂಗಳು ತಿಂಗಳು ವಿದ್ಯಾರ್ಥಿವೇತನ ಸಿಗುತ್ತದೆ. ಅಮೆರಿಕದಲ್ಲಿ ಎಂ.ಎಸ್.ಗೆ ಸಾಮಾನ್ಯವಾಗಿ ಕೈಯಿಂದಲೇ ಹಣ ಹಾಕಬೇಕು. ಇಂಜಿನಿಯರಿಂಗ್ ಪಿಎಚ್.ಡಿ.ಗಾದರೆ ಹೆಚ್ಚಿನ ಕಡೆ ಶುಲ್ಕವನ್ನೂ ಊಟ ವಸತಿಯ ಖರ್ಚನ್ನೂ ವಿಶ್ವವಿದ್ಯಾಲಯವೇ ನೋಡಿಕೊಳ್ಳುತ್ತದೆ. ಈ ವ್ಯತ್ಯಾಸ ತಿಳಿಯದೆ ತಂದೆತಾಯಿಯರು ಜಮೀನು ಅಡವಿಡಬಾರದು. ಅರ್ಜಿಯ ಜೊತೆ ಅಂಕಪಟ್ಟಿ, ನಿಮ್ಮ ಉದ್ದೇಶವನ್ನು ನೀವೇ ಬರೆದ ಪತ್ರ, ನಿಮ್ಮ ಕೆಲಸವನ್ನು ಕಣ್ಣಾರೆ ಕಂಡ ಅಧ್ಯಾಪಕರ ಶಿಫಾರಸು ಪತ್ರಗಳು ಬೇಕು. ಆದ್ದರಿಂದ ಕಾಲೇಜಿನ ಲ್ಯಾಬಿನಲ್ಲಿ ಹಿಂದಿನ ಬ್ಯಾಚಿನ ರೀಡಿಂಗ್ ನಕಲು ಮಾಡದೆ ನೀವೇ ಅಳೆಯಿರಿ. ಅಧ್ಯಾಪಕರು ನಿಮ್ಮನ್ನು ಗುರುತಿಟ್ಟುಕೊಳ್ಳುವುದು ಅಲ್ಲಿಯೇ.

ನಿವೃತ್ತಿಯ ನಂತರವೂ ಧವನ್ ಅವರ ಕುತೂಹಲ ಬತ್ತಲಿಲ್ಲ. ಹಕ್ಕಿಗಳು ಹಾರುವ ಬಗೆಯ ಮೇಲೆ ಅವರೊಂದು ಪುಸ್ತಕ ಬರೆದರು. ಐವತ್ತು ವರ್ಷ ತುಂಬಿದ ನಮ್ಮ ಶಾಲೆಯ ವಿಜ್ಞಾನ ಕೊಠಡಿಯಲ್ಲಿ ಇವತ್ತೂ ಒಂದು ತಕ್ಕಡಿ, ಒಂದು ಸ್ಕ್ರೂಗೇಜ್ ಇರಬೇಕು. ಅವನ್ನು ಕೈಗೆತ್ತಿಕೊಂಡು ಸರಿಯಾಗಿ ಅಳೆಯಲು ಕಲಿಯುವ ಮಕ್ಕಳು ಮುಂದಿನ ಐವತ್ತು ವರ್ಷದಲ್ಲೂ ಇಲ್ಲಿ ಓದಲಿ ಎಂದು ಹಾರೈಸುತ್ತೇನೆ.