ಖಡ್ಗವು ಸೋತಲ್ಲಿ ಬಾಂಧವ್ಯ: ಅಮೋಘವರ್ಷ ನೃಪತುಂಗ ಮತ್ತು ಗಂಗವಾಡಿ

ಕಾಗಿಣಾ ನದಿಯ ದಡದಲ್ಲಿ, ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿಗೆ ಸೇರಿದ ಮಳಖೇಡವು ಇಂದು ಒಂದು ಗ್ರಾಮ. ನೇಮಿನಾಥ ತೀರ್ಥಂಕರರ ಬಸದಿಯೂ ಶಿಥಿಲವಾದ ಕೋಟೆಯೂ ಅಲ್ಲಿವೆ. ಒಂಬತ್ತನೆಯ ಶತಮಾನದಲ್ಲಿ ಇದೇ ಮಾನ್ಯಖೇಟ, ರಾಷ್ಟ್ರಕೂಟ ಸಾಮ್ರಾಜ್ಯದ ರಾಜಧಾನಿ. ಇಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಹೆಸರನ್ನು ಕನ್ನಡ, ಮರಾಠಿ, ತೆಲುಗು, ತಮಿಳು ಮನೆಮಾತಿನ ಶ್ರಾವಕರೆಲ್ಲರೂ ಆದರದಿಂದ ಸ್ಮರಿಸುತ್ತಾರೆ. ಆತನ ಧರ್ಮಾಭಿಮಾನ ಎಲ್ಲರಿಗೂ ತಿಳಿದದ್ದೇ. ಆದರೆ ನೆರೆಯ ಗಂಗವಾಡಿಯನ್ನು ವಶಪಡಿಸಿಕೊಳ್ಳಲು ಆತನು ನಡೆಸಿದ ದೀರ್ಘ ಪ್ರಯತ್ನವೂ, ಅದರ ಅಂತ್ಯವೂ ಅಷ್ಟೇ ಮನನಯೋಗ್ಯವಾದುವು.

ಮೂರನೆಯ ಗೋವಿಂದನ ಪುತ್ರನಾದ ಈತನ ನಿಜನಾಮ ಶರ್ವ. ಗೋವಿಂದನು ಉತ್ತರದ ದಿಗ್ವಿಜಯದಿಂದ ಮರಳುವಾಗ, ಕ್ರಿ.ಶ. 800ರ ಸುಮಾರಿಗೆ, ಗುಜರಾತಿನ ಶ್ರೀಭವನದಲ್ಲಿ ಜನನವಾಯಿತು. ಕ್ರಿ.ಶ. 814ರಲ್ಲಿ ತಂದೆ ಗತಿಸಿದಾಗ ಶರ್ವನು ಇನ್ನೂ ಬಾಲಕ. ಸಾಮಂತರು ದಂಗೆಯೆದ್ದರು; ಸಿಂಹಾಸನವೇ ಕೈತಪ್ಪಿತು. ಗುಜರಾತಿನ ಶಾಖೆಯ ಕರ್ಕ ಸುವರ್ಣವರ್ಷನು, ಎಂದರೆ ಚಿಕ್ಕಪ್ಪನ ಮಗನು, ನಿಷ್ಠೆಯಿಂದ ಹೋರಾಡಿ ಕ್ರಿ.ಶ. 821ರ ವೇಳೆಗೆ ಅದನ್ನು ಮರಳಿ ದೊರಕಿಸಿಕೊಟ್ಟನು.

ಗಂಗವಾಡಿಯೆಂದರೆ ತಲಕಾಡನ್ನು ರಾಜಧಾನಿಯಾಗಿ ಹೊಂದಿದ್ದ ಗಂಗರ ನಾಡು. ಇಂದಿನ ಮೈಸೂರು, ಬೆಂಗಳೂರು, ತುಮಕೂರು, ಕೋಲಾರ ಸೀಮೆಗಳು ಅದರೊಳಗಿದ್ದವು. ಶಾಸನಗಳು ಅದನ್ನು ಗಂಗವಾಡಿ 96,000 ಎಂದು ಕರೆಯುತ್ತವೆ. ಸಿಂಹನಂದಿ ಆಚಾರ್ಯರ ಅನುಗ್ರಹದಿಂದ ಗಂಗರಾಜ್ಯ ಸ್ಥಾಪನೆಯಾಯಿತೆಂಬುದು ಜೈನ ಪರಂಪರೆಯ ನಂಬಿಕೆ. ಅಮೋಘವರ್ಷನ ಅಜ್ಜ ಧ್ರುವನು ಗಂಗದೊರೆ ಎರಡನೆಯ ಶಿವಮಾರನನ್ನು ಸೆರೆಹಿಡಿದು ಆ ನಾಡನ್ನು ತನ್ನ ಆಳ್ವಿಕೆಗೆ ಒಳಪಡಿಸಿದ್ದನು. ಶಿವಮಾರನ ಬಳಿಕ ಬಂದ ಒಂದನೆಯ ರಾಚಮಲ್ಲನು, ಮಾನ್ಯಖೇಟದ ಅರಸನು ಬಾಲಕನಾಗಿದ್ದ ಸಮಯವನ್ನು ಬಳಸಿಕೊಂಡು ಸ್ವಾತಂತ್ರ್ಯಕ್ಕೆ ಕೈಹಾಕಿದನು. ಹೀಗೆ ಜಿನಧರ್ಮಕ್ಕೆ ಆಶ್ರಯವಿತ್ತ ಎರಡು ರಾಜಮನೆತನಗಳೇ ಪರಸ್ಪರ ಎದುರಾಳಿಗಳಾಗಿ ನಿಂತವು.

ಗಂಗರನ್ನು ಮಣಿಸಲು ಅಮೋಘವರ್ಷನು ದಂಡನಾಯಕ ಬಂಕೇಯನನ್ನು ಕಳುಹಿಸಿದನು. ಬಂಕೇಯನು ಬನವಾಸಿ ನಾಡಿನ ಅಧಿಪತಿ, ದೃಢನಿಷ್ಠೆಯ ಜಿನಭಕ್ತ. ತುಮಕೂರಿನ ಬಳಿಯ ಕೈದಾಳವೆಂದು ಗುರುತಿಸಲಾಗಿರುವ ಕೋಟೆಯನ್ನು ಹಿಡಿದು, ಗಂಗಸೈನ್ಯವನ್ನು ಹಿಮ್ಮೆಟ್ಟಿಸುತ್ತ ಕಾವೇರಿಯನ್ನು ದಾಟಿ ಮುಂದುವರಿದನು. ಜಯವು ಕೈಗೆಟುಕುವಂತಿದ್ದಾಗ ರಾಜಧಾನಿಯಿಂದ ಹಿಂದಿರುಗುವಂತೆ ಕರೆ ಬಂದಿತು. ಅಲ್ಲಿ ಒಳದಂಗೆ ಹುಟ್ಟಿತ್ತು. ಅರಸನ ಮಗನೇ ವಿರೋಧಿಗಳ ಪಕ್ಷವನ್ನು ಸೇರಿದ್ದನು. ಮೂರು ತಿಂಗಳೊಳಗೆ ಶತ್ರುಗಳನ್ನು ಅಡಗಿಸದಿದ್ದರೆ ಅಗ್ನಿಪ್ರವೇಶ ಮಾಡುವೆನೆಂದು ಬಂಕೇಯನು ಪ್ರತಿಜ್ಞೆಗೈದು, ಅದನ್ನು ನೆರವೇರಿಸಿದನು. ರಾಜ್ಯ ಉಳಿಯಿತು, ಗಂಗವಾಡಿ ಮಾತ್ರ ಕೈಬಿಟ್ಟಿತು.

ಈ ಸಂಗತಿಗಳನ್ನು ತಿಳಿಸುವುದು ಗದಗ ಜಿಲ್ಲೆಯ ಕೊಣ್ಣೂರಿನ ಶಾಸನ. ಬಂಕೇಯನ ಸೇವೆಗೆ ಪ್ರೀತನಾದ ಅಮೋಘವರ್ಷನು, ಆತನ ಬಿನ್ನಹದಂತೆ, ಆತನು ಕೊಳನೂರಿನಲ್ಲಿ ಕಟ್ಟಿಸಿದ ಜಿನಾಲಯಕ್ಕಾಗಿ ಕ್ರಿ.ಶ. 860ರಲ್ಲಿ ದೇವೇಂದ್ರ ಮುನಿಗಳಿಗೆ ತಳೆಯೂರು ಗ್ರಾಮವನ್ನು ದಾನವಿತ್ತನು.

ಯುದ್ಧವು ಮುಂದಿನ ತಲೆಮಾರಿಗೂ ಸಾಗಿತು. ರಾಚಮಲ್ಲನ ಮಗ ನೀತಿಮಾರ್ಗ ಎರೆಗಂಗನು ರಾಜಾರಮಡು ಎಂಬಲ್ಲಿ ರಾಷ್ಟ್ರಕೂಟ ಸೇನೆಯನ್ನು ಸೋಲಿಸಿದನು. ಅರಬ್ ವರ್ತಕರ ಕ್ರಿ.ಶ. 851ರ ವೃತ್ತಾಂತದಲ್ಲಿ ಲೋಕದ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಎಣಿಸಲ್ಪಟ್ಟ ದೊರೆಗೆ ಪಕ್ಕದ ನಾಡೊಂದು ಮಣಿಯಲಿಲ್ಲ. ಆಗ ಅಮೋಘವರ್ಷನು ಮಾರ್ಗವನ್ನೇ ಬದಲಿಸಿದನು. ತನ್ನ ಮಗಳು ಚಂದ್ರೊಬಲಬ್ಬೆಯನ್ನು ನೀತಿಮಾರ್ಗನ ಮಗ ಬೂತುಗನಿಗೆ ಕೊಟ್ಟು ವಿವಾಹ ನೆರವೇರಿಸಿದನು. ಈ ದಂಪತಿಗಳ ಪುತ್ರ ಎರೆಯಪ್ಪನು ಮುಂದೆ ಗಂಗಸಿಂಹಾಸನವನ್ನೇರಿದನು. ಅಜ್ಜನ ಸೇನೆ ಗೆಲ್ಲಲಾಗದ ನಾಡನ್ನು ಮೊಮ್ಮಗನು ಆ ಮನೆಯ ಮಗನಾಗಿಯೇ ಆಳಿದನು.

ಗಡಿಯ ಕಲಹಗಳ ನಡುವೆಯೂ ಮಾನ್ಯಖೇಟದ ಅರಸನ ಕಾಲದಲ್ಲಿ ಶಾಸ್ತ್ರಜ್ಯೋತಿ ಬೆಳಗುತ್ತಲೇ ಇದ್ದಿತು. ಆಚಾರ್ಯ ಜಿನಸೇನರು ಕ್ರಿ.ಶ. 837ರಲ್ಲಿ ಜಯಧವಳಾ ಟೀಕೆಯನ್ನು ಪೂರ್ಣಗೊಳಿಸಿದರು, ಆದಿಪುರಾಣವನ್ನು ರಚಿಸಿದರು. ಅರಸನು ಅವರ ಪಾದಗಳಿಗೆರಗಿ ತಾನು ಪವಿತ್ರನಾದೆನೆಂದು ಭಾವಿಸುತ್ತಿದ್ದುದನ್ನು ಗುಣಭದ್ರಾಚಾರ್ಯರು ಉತ್ತರಪುರಾಣದಲ್ಲಿ ಸ್ಮರಿಸಿದ್ದಾರೆ. ಮಹಾವೀರಾಚಾರ್ಯರು ಗಣಿತಸಾರಸಂಗ್ರಹವನ್ನೂ, ಶಾಕಟಾಯನರು ಅರಸನ ಹೆಸರನ್ನೇ ಹೊತ್ತ ಅಮೋಘವೃತ್ತಿಯನ್ನೂ ಬರೆದರು. ಶ್ರೀವಿಜಯನ ಕವಿರಾಜಮಾರ್ಗವು ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿತ್ತೆಂದು ಹೇಳುತ್ತದೆ. ಇಂದು ಆ ವಿಸ್ತಾರದಲ್ಲಿ ಹಲವು ರಾಜ್ಯಗಳ ಗಡಿಗಳು ಹಾದುಹೋಗಿವೆ; ಬಸದಿಗಳಲ್ಲಿ ಬೆಳಗುವ ದೀಪ ಒಂದೇ.

ಕ್ರಿ.ಶ. 871ರ ಸಂಜಾನ್ ತಾಮ್ರಪಟವು ಈತನ ಇನ್ನೊಂದು ಮುಖವನ್ನು ತೋರಿಸುತ್ತದೆ. ಪ್ರಜೆಗಳಿಗೊದಗಿದ ವಿಪತ್ತಿನ ನಿವಾರಣೆಗಾಗಿ ಮಹಾಲಕ್ಷ್ಮಿಗೆ ತನ್ನ ಎಡಗೈ ಬೆರಳನ್ನೇ ಅರ್ಪಿಸಿದನೆಂದೂ, ಒಂದಕ್ಕಿಂತ ಹೆಚ್ಚು ಬಾರಿ ರಾಜ್ಯಭಾರವನ್ನು ತ್ಯಜಿಸಿದನೆಂದೂ ಅದು ತಿಳಿಸುತ್ತದೆ. ಸುಮಾರು 64 ವರ್ಷಗಳ ಸುದೀರ್ಘ ಆಳ್ವಿಕೆ ಕ್ರಿ.ಶ. 878ರ ಸುಮಾರಿಗೆ ಕೊನೆಗೊಂಡಿತು.

ಆದರೆ ಆತನು ಬೆಸೆದ ನಂಟು ಬಲವಾಗುತ್ತಲೇ ಹೋಯಿತು. ಮೂರನೆಯ ಕೃಷ್ಣನ ಸಹೋದರಿ ಗಂಗರ ಎರಡನೆಯ ಬೂತುಗನ ಪತ್ನಿಯಾದಳು, ಕ್ರಿ.ಶ. 949ರ ತಕ್ಕೋಲದ ಯುದ್ಧದಲ್ಲಿ ಬೂತುಗನು ಕೃಷ್ಣನ ಪರವಾಗಿ ಕಾದಿ ಚೋಳ ರಾಜಾದಿತ್ಯನನ್ನು ಕೊಂದನು. ಕ್ರಿ.ಶ. 973ರಲ್ಲಿ ಎರಡನೆಯ ತೈಲಪನಿಂದ ರಾಷ್ಟ್ರಕೂಟರ ಪ್ರಭುತ್ವ ಕುಸಿದಾಗ, ಅದನ್ನು ಉಳಿಸಲು ಹೆಗಲು ಕೊಟ್ಟವನು ಗಂಗದೊರೆ ಮಾರಸಿಂಹ. ತನ್ನ ಸೋದರಳಿಯನಾದ ನಾಲ್ಕನೆಯ ಇಂದ್ರನಿಗೆ ಪಟ್ಟಕಟ್ಟಲು ಆತನು ಶ್ರಮಿಸಿದನು. ಪ್ರಯತ್ನ ಫಲಿಸಲಿಲ್ಲ. ಮಾರಸಿಂಹನು ರಾಜ್ಯವನ್ನು ತೊರೆದು, ಕ್ರಿ.ಶ. 975ರ ಸುಮಾರಿಗೆ ಅಜಿತಸೇನ ಆಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದನು. ಆ ಸ್ಥಳ ಬಂಕಾಪುರ, ಗಂಗರ ಮೇಲೆ ದಂಡೆತ್ತಿ ಹೋಗಿದ್ದ ಬಂಕೇಯನ ಹೆಸರಿನಲ್ಲಿ ಆತನ ಮಗ ಲೋಕಾದಿತ್ಯನು ನಿರ್ಮಿಸಿದ ಪಟ್ಟಣ. ಇಂದ್ರನು ಕ್ರಿ.ಶ. 982ರಲ್ಲಿ ಗಂಗರ ನಾಡಿನ ಶ್ರವಣಬೆಳಗೊಳದಲ್ಲಿ ಅದೇ ವ್ರತವನ್ನು ಸ್ವೀಕರಿಸಿದನು.

ಕೈದಾಳದ ಕೋಟೆಯನ್ನು ಗೆದ್ದ ಜಯ ಸ್ಥಿರವಾಗಿ ನಿಲ್ಲಲಿಲ್ಲ. ಕೊಟ್ಟು ತಂದ ಸಂಬಂಧ ಎರಡೂ ವಂಶಗಳ ಕೊನೆಯ ದಿನಗಳವರೆಗೆ ನಿಂತಿತು. ಗೆದ್ದು ಆಳುವುದಕ್ಕಿಂತ ಕೂಡಿ ಬಾಳುವುದು ಹಿರಿದೆಂಬುದನ್ನು ನೃಪತುಂಗನ ಜೀವನವು ಇಂದಿಗೂ ಬೋಧಿಸುತ್ತಿದೆ.